ಇಪ್ಪತ್ತು ವಾರಗಳ ಋಣ

ಬಿ.ಇಡಿ. ಮುಗಿಸಿ ಹತ್ತು ವರ್ಷವಾದವರನ್ನು ಕೇಳಿದರೂ ತಮ್ಮ ಮೊದಲ ಅಭ್ಯಾಸ ಪಾಠ ಯಾವುದೆಂದು ಥಟ್ಟನೆ ಹೇಳುತ್ತಾರೆ. ಯಾವ ಘಟಕ, ಯಾವ ಚಾರ್ಟು, ಹಿಂದಿನ ಬೆಂಚಿನಲ್ಲಿ ಕುಳಿತ ಮೇಲ್ವಿಚಾರಕರು ದಾಖಲೆ ಪುಸ್ತಕದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದ ಷರಾ ಏನು, ಎಲ್ಲವೂ ನೆನಪಿರುತ್ತದೆ. ಆ ತರಗತಿಯಲ್ಲಿದ್ದ ಒಂದು ಮಗುವಿನ ಹೆಸರು ಹೇಳಿ ಎಂದರೆ ಮಾತ್ರ ಸುಮ್ಮನಾಗುತ್ತಾರೆ. ಶಿಕ್ಷಕರನ್ನು ತಯಾರು ಮಾಡುವ ಕಾಲೇಜಿನಲ್ಲಿ ಬಹಳ ವರ್ಷ ಪಾಠ ಹೇಳಿದ ನಾನು ಈ ಪ್ರಶ್ನೆಯನ್ನು ಹಳೆಯ ವಿದ್ಯಾರ್ಥಿಗಳ ಮುಂದೆ ಹಲವು ಸಲ ಇಟ್ಟಿದ್ದೇನೆ. ನನಗೆ ನಾನೇ ಕೇಳಿಕೊಂಡಾಗ ನನ್ನಲ್ಲೂ ಉತ್ತರವಿರಲಿಲ್ಲ.

ಇದನ್ನು ಮರೆವು ಎಂದು ತಳ್ಳಿಹಾಕುವುದು ಸುಲಭ. ಆದರೆ ಯಾವುದನ್ನು ಮರೆಯುತ್ತೇವೆ ಎಂಬುದರಲ್ಲಿ ನಮಗೆ ಯಾವುದು ಮುಖ್ಯವೆಂದು ಕಲಿಸಲಾಗಿತ್ತು ಎಂಬುದೂ ಅಡಗಿದೆ. ಬೋಧನಾಭ್ಯಾಸದ ಇಡೀ ಏರ್ಪಾಡು ಪ್ರಶಿಕ್ಷಣಾರ್ಥಿಯ ಸುತ್ತ ಹೆಣೆದದ್ದು. ಅವರ ಪಾಠ ಯೋಜನೆ, ಅವರ ಬೋಧನೋಪಕರಣ, ಅವರ ಧ್ವನಿ, ಕಪ್ಪುಹಲಗೆಯ ಮೇಲಿನ ಅವರ ಬರಹ, ಅವರ ಅಂಕ. ಮಕ್ಕಳು ಆ ಚಿತ್ರದ ಹಿನ್ನೆಲೆ. ಈ ಹಿನ್ನೆಲೆಯನ್ನು ಮುಂದಕ್ಕೆ ತಂದು ನೋಡಿದರೆ ಬೇರೊಂದು ಲೆಕ್ಕ ಕಾಣುತ್ತದೆ.

ಒಂದು ಅವಧಿ ಎಂದರೆ ನಲವತ್ತು ನಿಮಿಷ. ಅನುಭವವಿಲ್ಲದವರು ತಡವರಿಸುತ್ತ ಪಾಠ ಮಾಡಿದರೆ ಆ ನಲವತ್ತು ನಿಮಿಷ ಹೋಗುವುದು ಮಗುವಿನ ಖಾತೆಯಿಂದ. ಎಂಟನೆಯ ತರಗತಿಯ ಆ ಪಾಠ ಆ ಮಗುವಿಗೆ ಮತ್ತೆ ಸಿಗುವುದಿಲ್ಲ. ಹಾಗೆಂದು ಅಭ್ಯಾಸವನ್ನೇ ಬಿಡಲಾಗದು. ಈಜು ಕಲಿಯಲು ನೀರಿಗೆ ಇಳಿಯಲೇಬೇಕು, ಪಾಠ ಮಾಡಲು ಕಲಿಯುವವರು ಮಕ್ಕಳ ಮುಂದೆ ನಿಲ್ಲಲೇಬೇಕು. ಸರ್ವೋಚ್ಚ ನ್ಯಾಯಾಲಯ ನೇಮಿಸಿದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ವರದಿ ಕೊಟ್ಟ ಮೇಲೆ, ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಗಳು ಬಿ.ಇಡಿ.ಯನ್ನು ಎರಡು ವರ್ಷಕ್ಕೆ ಹಿಗ್ಗಿಸಿದವು. ಶಾಲೆಯಲ್ಲಿ ಕಳೆಯಬೇಕಾದ ಅವಧಿಯನ್ನು 20 ವಾರಕ್ಕೆ ಏರಿಸಿದವು: ಮೊದಲ ವರ್ಷ 4, ಎರಡನೆಯ ವರ್ಷ 16. ಕೆಲವು ಪಾಠ ಒಪ್ಪಿಸಿ ಬಂದರೆ ಶಿಕ್ಷಕರಾಗುವುದಿಲ್ಲ ಎಂಬ ತಿಳಿವಳಿಕೆ ಅದರ ಹಿಂದಿತ್ತು. ಆ ತಿಳಿವಳಿಕೆ ಸರಿಯಾದದ್ದೇ. ಅಭ್ಯಾಸ ಬೇಕೇ ಬೇಡವೇ ಎಂಬ ಬಗ್ಗೆ ನನಗೆ ತಕರಾರಿಲ್ಲ. ಅದರ ಬೆಲೆ ಯಾರು ತೆರುತ್ತಿದ್ದಾರೆ ಎಂಬುದು ನನ್ನ ಪ್ರಶ್ನೆ.

ನಾನು ಕಂಡ ಮಟ್ಟಿಗೆ, ಶುಲ್ಕ ಕಟ್ಟುವ ಪೋಷಕರಿರುವ ಶಾಲೆಗಳು ಪ್ರಶಿಕ್ಷಣಾರ್ಥಿಗಳನ್ನು ಒಳಗೆ ಬಿಟ್ಟುಕೊಳ್ಳಲು ಹಿಂಜರಿಯುತ್ತವೆ. ಕಾರಣ ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ: ಪೋಷಕರು ಒಪ್ಪುವುದಿಲ್ಲ, ಪಾಠ ಹಿಂದೆ ಬೀಳುತ್ತದೆ. ಸರ್ಕಾರಿ ಶಾಲೆಯ ಮಗುವಿನ ತಾಯಿ ಕೂಲಿಗೆ ಹೋಗಿರುತ್ತಾಳೆ, ಅವಳನ್ನು ಯಾರೂ ಕೇಳುವುದಿಲ್ಲ. ವೈದ್ಯಕೀಯ ಕಾಲೇಜಿನ ಹುಡುಗರು ಸೂಜಿ ಚುಚ್ಚಲು ಕಲಿಯುವುದು ಸರ್ಕಾರಿ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮಲಗಿದವರ ಕೈಯ ಮೇಲೆ. ಅಲ್ಲಿಯಾದರೂ ರೋಗಿಗೆ ಬದಲಿಗೆ ಚಿಕಿತ್ಸೆ ಸಿಗುತ್ತದೆ. ನಮ್ಮ ಮಕ್ಕಳಿಗೆ ಬದಲಿಗೆ ಸಿಕ್ಕಿದ್ದೇನು? ಕೊನೆಯ ದಿನ ಬೀಳ್ಕೊಡುಗೆ, ಒಂದು ಗುಂಪು ಫೋಟೋ, ಚಾಕೊಲೇಟು. ಮಕ್ಕಳ ಸಮಯವನ್ನು ಪಡೆದು ಒಬ್ಬರು ಶಿಕ್ಷಕರಾಗುತ್ತಾರೆ ಎಂದರೆ ಅದು ಪಡೆದ ಋಣ. ಬೋಧನಾಭ್ಯಾಸದೊಳಗೆ ‘ಸೇವಾ-ಕಲಿಕೆ’ಗೆ ಜಾಗ ಬೇಕು ಎಂದು ನಾನು ವಾದಿಸುವುದು ಈ ಕಾರಣಕ್ಕೆ. ಪ್ರಶಿಕ್ಷಣಾರ್ಥಿಗಳ ಮನಸ್ಸು ಉದಾರವಾಗಲಿ ಎಂಬುದು ಎರಡನೆಯ ಮಾತು. ಮೊದಲು ಬಾಕಿ ತೀರಬೇಕು.

ಸೇವಾ-ಕಲಿಕೆ ಎಂಬ ಹೆಸರು 1967ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಶಿಕ್ಷಣ ಮಂಡಳಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ರಾಬರ್ಟ್ ಸಿಗ್ಮನ್ ಮತ್ತು ವಿಲಿಯಂ ರಾಮ್ಸೆ ಇಟ್ಟದ್ದು. ಸಮುದಾಯಕ್ಕೆ ನಿಜವಾಗಿ ಬೇಕಾದ ಒಂದು ಕೆಲಸ, ಆ ಕೆಲಸಕ್ಕೂ ಓದುತ್ತಿರುವ ವಿಷಯಕ್ಕೂ ನೇರ ಸಂಬಂಧ, ಮಾಡಿದ್ದರ ಬಗ್ಗೆ ಕುಳಿತು ಯೋಚಿಸುವ ಏರ್ಪಾಡು: ಈ ಮೂರೂ ಕೂಡಿದಾಗ ಮಾತ್ರ ಆ ಹೆಸರು ಸಲ್ಲುತ್ತದೆ. ಹೆಸರು ಹೊಸದಾದರೂ ಅದರ ಹಿಂದಿನ ಯೋಚನೆ ನಮ್ಮಲ್ಲೂ ಹಳೆಯದು. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿ ಶಿಕ್ಷಣ ಸಮ್ಮೇಳನ ಕರೆದು, ಜಾಕಿರ್ ಹುಸೇನ್ ಸಮಿತಿ ನಯೀ ತಾಲೀಮಿನ ಪಠ್ಯಕ್ರಮ ಸಿದ್ಧಪಡಿಸಿದಾಗ, ಕೈಯ ಕೆಲಸ ಮತ್ತು ಊರಿನ ಬದುಕು ಕಲಿಕೆಯ ನಡುವೆ ಬಂದು ನಿಂತಿದ್ದವು. 1969ರಲ್ಲಿ, ಗಾಂಧಿ ಜನ್ಮಶತಾಬ್ದಿಯ ವರ್ಷ, 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್ ಶುರುವಾಯಿತು. ಈಗ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಉನ್ನತ ಶಿಕ್ಷಣದಲ್ಲಿ ಸಮುದಾಯದ ಒಡನಾಟ ಮತ್ತು ಸೇವೆಗೆ ಕ್ರೆಡಿಟ್ ಕೊಡಬೇಕೆನ್ನುತ್ತದೆ. 2030ರ ಹೊತ್ತಿಗೆ ಶಿಕ್ಷಕರಾಗಲು ನಾಲ್ಕು ವರ್ಷದ ಸಂಯೋಜಿತ ಪದವಿಯೇ ಕನಿಷ್ಠ ಅರ್ಹತೆಯಾಗಬೇಕೆಂಬ ಗುರಿಯನ್ನೂ ಹಾಕಿಕೊಂಡಿದೆ. ಕಾಗದದ ಮೇಲೆ ಜಾಗ ಸಿಕ್ಕಿದೆ. ಆ ಜಾಗದಲ್ಲಿ ಏನು ತುಂಬುತ್ತೇವೆ ಎಂಬುದರ ಬಗ್ಗೆ ನನಗೆ ಆತಂಕವಿದೆ, ಏಕೆಂದರೆ ಹಿಂದೆ ಏನು ತುಂಬಿದ್ದೆವು ಎಂಬುದನ್ನು ಕಣ್ಣಾರೆ ನೋಡಿದ್ದೇನೆ.

ನಮ್ಮಲ್ಲಿ ‘ಸೇವೆ’ ಎಂಬ ಮಾತಿಗೆ ದೊಡ್ಡ ಭಾರವಿದೆ. ದೇವಸ್ಥಾನದ ರಸೀದಿಯಲ್ಲಿ ಅಚ್ಚಾಗುವ ಸೇವೆಯ ಫಲ ಮಾಡಿಸಿದವರಿಗೆ. ಅರ್ಚನೆಯಾದರೂ ಉರುಳು ಸೇವೆಯಾದರೂ ಪುಣ್ಯ ಸಂದಾಯವಾಗುವುದು ಭಕ್ತರ ಹೆಸರಿಗೆ. ಇನ್ನೊಂದು ಕಡೆ, ಶತಮಾನಗಳ ಕಾಲ ಕೆಲವು ಜಾತಿಗಳಿಗೆ ಸೇವೆಯೇ ಕರ್ತವ್ಯವೆಂದು ವಿಧಿಸಿದ ನೆನಪೂ ಅದೇ ಶಬ್ದದಲ್ಲಿದೆ. ಒಬ್ಬರಿಗೆ ಪುಣ್ಯ, ಇನ್ನೊಬ್ಬರಿಗೆ ಹಣೆಬರಹ. ಈ ಎರಡೂ ಅರ್ಥಗಳನ್ನು ತೊಳೆದು ಹಾಕದೆ ಆ ಶಬ್ದವನ್ನು ತರಗತಿಯೊಳಗೆ ತಂದರೆ, ಕೊಡುವವರು ಮೇಲೆ ನಿಲ್ಲುತ್ತಾರೆ, ಪಡೆಯುವವರು ಕೆಳಗೆ ಉಳಿಯುತ್ತಾರೆ.

ಅದು ಹೇಗೆಂದು ನನಗೆ ತೋರಿಸಿಕೊಟ್ಟದ್ದು ಒಂದು ಪೌರತ್ವ ತರಬೇತಿ ಶಿಬಿರ. ಬಿ.ಇಡಿ. ಓದಿದವರಿಗೆಲ್ಲ ಈ ಶಿಬಿರ ಗೊತ್ತು: ಹಳ್ಳಿಯ ಶಾಲೆಯಲ್ಲಿ ವಾಸ್ತವ್ಯ, ಬೆಳಗ್ಗೆ ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ರಾತ್ರಿ ಸಾಂಸ್ಕೃತಿಕ ಕಾರ್ಯಕ್ರಮ. ಆ ಶಿಬಿರದ ಸಂಚಾಲಕ ನಾನೇ. ಎರಡನೆಯ ದಿನ ಬೆಳಗ್ಗೆ ಪ್ರಶಿಕ್ಷಣಾರ್ಥಿಗಳು ಊರಿನ ಮುಖ್ಯ ಬೀದಿ ಗುಡಿಸಿದರು. ಪೊರಕೆ ಸಾಲದೆ ಬಂದಾಗ ಪಂಚಾಯಿತಿಯ ಕಸಗುಡಿಸುವ ಹೆಂಗಸಿನ ಪೊರಕೆಯನ್ನೇ ಇಸಕೊಂಡರು. ಅವಳು ಗೋಡೆಗೆ ಒರಗಿ ನಿಂತು, ತಾನು ದಿನವೂ ಮಾಡುವ ಕೆಲಸವನ್ನು ಮೂವತ್ತು ಮಂದಿ ಫೋಟೋ ತೆಗೆಸಿಕೊಳ್ಳುತ್ತ ಮಾಡುವುದನ್ನು ನೋಡಿದಳು. ಎಲ್ಲ ಮುಗಿದ ಮೇಲೆ ಪೊರಕೆ ವಾಪಸು ತೆಗೆದುಕೊಳ್ಳುತ್ತ ನನ್ನನ್ನು ಕೇಳಿದಳು: “ನಾಳಿಗೂ ಬರ್ತೀರೇನ್ರೀ ಸರ?”

ಅವಳು ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು. ಬರುವುದಾದರೆ ಅವಳಿಗೆ ನಾಳೆ ಬೇರೆ ಓಣಿಗೆ ಹೋಗುವ ಅನುಕೂಲವಿತ್ತು. ಮರುದಿನ ನಮ್ಮ ಕಾರ್ಯಕ್ರಮ ಪಟ್ಟಿಯಲ್ಲಿ ಜಾಥಾ ಇತ್ತು. ಅವಳ ಸಂಬಳ ಎಷ್ಟು ತಿಂಗಳಿಂದ ಬಂದಿಲ್ಲ, ಕೈಗವಸು ಕೊಟ್ಟಿದ್ದಾರೆಯೇ, ಅವಳ ಮಗಳು ಯಾವ ಶಾಲೆಗೆ ಹೋಗುತ್ತಾಳೆ ಎಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಕೇಳಬೇಕೆಂದು ನಾನೂ ಹೇಳಿಕೊಟ್ಟಿರಲಿಲ್ಲ. ಶಿಬಿರದ ವರದಿಯಲ್ಲಿ ‘ಶ್ರಮದ ಘನತೆಯ ಅರಿವು ಮೂಡಿತು’ ಎಂದು ಬರೆದೆವು. ಯಾರ ಶ್ರಮ, ಯಾರ ಘನತೆ ಎಂಬುದನ್ನು ಬರೆಯಲಿಲ್ಲ. ಇಂದಿಗೂ ಆ ವಾಕ್ಯ ನನ್ನನ್ನು ಚುಚ್ಚುತ್ತದೆ.

1968ರ ಏಪ್ರಿಲಿನಲ್ಲಿ ಮೆಕ್ಸಿಕೋದ ಕ್ವೆರ್ನವಾಕಾದಲ್ಲಿ ನೆಲೆಸಿದ್ದ ಚಿಂತಕ ಇವಾನ್ ಇಲಿಚ್, ಅಲ್ಲಿನ ಹಳ್ಳಿಗಳಲ್ಲಿ ಬೇಸಿಗೆಯ ಸೇವೆಗೆಂದು ಹೊರಡುವ ಅಮೆರಿಕದ ವಿದ್ಯಾರ್ಥಿ ಸಂಘಟನೆಯೊಂದರ ಎದುರು ನಿಂತು ಕಟುವಾಗಿ ಮಾತಾಡಿದ. ಒಳ್ಳೆಯ ಉದ್ದೇಶ ಒಳ್ಳೆಯ ಫಲಕ್ಕೆ ಖಾತರಿಯಲ್ಲ. ಭಾಷೆ ಬಾರದ, ಜನರಿಗೆ ಉತ್ತರ ಕೊಡಬೇಕಿಲ್ಲದ ಉಪಕಾರಿಗಳು ಊರಿಗೆ ಹೇರಿಕೆಯಾಗುತ್ತಾರೆ. ನೋಡುವುದಕ್ಕೂ ಕಲಿಯುವುದಕ್ಕೂ ಬರಬಹುದು, ಉದ್ಧರಿಸುವುದಕ್ಕೆ ಬೇಡ ಎಂಬುದು ಅವನ ವಾದ. ಪೊರಕೆಯ ಘಟನೆಯಾದ ಮೇಲೆ ಅವನ ಮಾತನ್ನು ಬದಿಗೆ ಸರಿಸುವುದು ನನ್ನಿಂದಾಗಿಲ್ಲ. ಆದರೂ ಒಂದು ಕಡೆ ಅವನೊಡನೆ ಭಿನ್ನಮತವಿದೆ. ಇಲಿಚ್ ತಡೆದದ್ದು ಬರಬೇಕಾದ ಅಗತ್ಯವೇ ಇಲ್ಲದವರನ್ನು. ನಮ್ಮ ಪ್ರಶಿಕ್ಷಣಾರ್ಥಿಗಳು ಹೇಗೂ ಶಾಲೆಗೆ ಬಂದಾಗಿದೆ, ಮಕ್ಕಳಿಂದ ಪಡೆಯತೊಡಗಿದ್ದೂ ಆಗಿದೆ. ಪಡೆದು ಸುಮ್ಮನೆ ಹೊರಟುಹೋಗುವುದನ್ನು ವಿನಯವೆಂದು ಕರೆಯಲಾಗದು. ಅವನ ಎಚ್ಚರಿಕೆಯನ್ನು ಇಟ್ಟುಕೊಂಡೇ ಕೊಡುವ ಬಗೆಯನ್ನು ಹುಡುಕಬೇಕು.

ಆ ಬಗೆಯನ್ನು ನನಗೆ ಕಲಿಸಿದವಳು ಒಬ್ಬ ವಿಜ್ಞಾನದ ಪ್ರಶಿಕ್ಷಣಾರ್ಥಿ. ಉತ್ತರ ಕರ್ನಾಟಕದ ಒಂದು ತಾಂಡಾದ ಪಕ್ಕದ ಸರ್ಕಾರಿ ಪ್ರೌಢಶಾಲೆ, ಎಂಟನೆಯ ತರಗತಿ, ಪಾಠ ಸೂಕ್ಷ್ಮಜೀವಿಗಳು. ಯೋಜನೆ ಅಚ್ಚುಕಟ್ಟಾಗಿತ್ತು, ಮಕ್ಕಳು ಒಕ್ಕೊರಲಿನಿಂದ ಉತ್ತರ ಕೊಡುತ್ತಿದ್ದರು, ನಾನು ಹಿಂದೆ ಕುಳಿತು ಅಂಕ ಹಾಕುತ್ತಿದ್ದೆ. ಹಲಗೆಯ ಮೇಲಿದ್ದುದನ್ನು ಒಬ್ಬ ಹುಡುಗ ಮುತ್ತು ಪೋಣಿಸಿದ ಹಾಗೆ ನಕಲು ಮಾಡಿಕೊಂಡಿದ್ದ. ಅವಳು ಮೆಚ್ಚಿ, ಅದನ್ನು ಓದಿ ಹೇಳು ಅಂದಳು. ಅವನು ತಲೆ ತಗ್ಗಿಸಿ ನಿಂತ. ಆಮೇಲೆ ಮೆಲ್ಲಗೆ ಹೇಳಿದ: “ಬರಿಯಾಕ ಬರ್ತದ್ರಿ ಅಕ್ಕೋರ, ಓದಾಕ ಬರಂಗಿಲ್ರಿ.”

ಎಂಟು ವರ್ಷ ಶಾಲೆಯಲ್ಲಿ ಕುಳಿತ ಹುಡುಗ ಅಕ್ಷರಗಳನ್ನು ಚಿತ್ರದಂತೆ ಬಿಡಿಸುವುದನ್ನು ಕಲಿತಿದ್ದ. ಪಾಠ ಮುಗಿದ ಮೇಲೆ ಅವಳು ನನ್ನ ಬಳಿ ಬಂದು, ನಾಳೆಯ ಪಾಠ ಬಿಟ್ಟು ಇಂಥ ಮಕ್ಕಳು ಎಷ್ಟಿದ್ದಾರೆಂದು ನೋಡಲೇ ಸರ್ ಎಂದು ಕೇಳಿದಳು. ಬೇಡ, ಪಾಠಗಳ ಸಂಖ್ಯೆ ತುಂಬಬೇಕಲ್ಲ ಎಂದೆ. ನನ್ನ ವೃತ್ತಿಯಲ್ಲಿ ಕೊಟ್ಟ ಸಲಹೆಗಳಲ್ಲಿ ಅದರಷ್ಟು ತಪ್ಪಾದದ್ದು ಇನ್ನೊಂದಿಲ್ಲ. ಅವಳು ಪಾಠಗಳನ್ನೂ ತುಂಬಿದಳು, ನನ್ನ ಮಾತನ್ನೂ ಮೀರಿದಳು. ಬಿಸಿಯೂಟ ಮುಗಿದು ಗಂಟೆ ಬಾರಿಸುವ ತನಕ ಇದ್ದ ಅರ್ಧ ಗಂಟೆಯಲ್ಲಿ ಬೇವಿನ ಮರದ ಕೆಳಗೆ ಹನ್ನೊಂದು ಮಕ್ಕಳೊಡನೆ ಕುಳಿತುಕೊಳ್ಳತೊಡಗಿದಳು. ಒಬ್ಬೊಬ್ಬರೂ ಎಲ್ಲಿ ಸಿಕ್ಕಿಕೊಂಡಿದ್ದಾರೆಂದು ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡಳು. ಒಬ್ಬನಿಗೆ ಒತ್ತಕ್ಷರ ಬಾರದು. ಒಬ್ಬಳಿಗೆ ಓದು ಬರುತ್ತದೆ, ಹಲಗೆ ಕಾಣುವುದಿಲ್ಲ. ಅವಳಿಗೆ ಬೇಕಿದ್ದದ್ದು ಕನ್ನಡಕ. ನಾಲ್ವರ ಮನೆಮಾತು ಲಂಬಾಣಿ; ಪಠ್ಯಪುಸ್ತಕದ ಕನ್ನಡ ಅವರ ಕಿವಿಗೆ ಶಾಲೆಯಲ್ಲಿ ಮಾತ್ರ ಬೀಳುವ ಭಾಷೆ.

ಇಲ್ಲಿ ಕಲಿತವರು ಯಾರು? ಮಕ್ಕಳು ಸ್ವಲ್ಪ ಕಲಿತರು. ಅವಳು ಬಹಳ ಕಲಿತಳು, ಅದು ಅವಳ ಪಾಠ ಯೋಜನೆಯಲ್ಲೇ ಕಂಡಿತು. ಮುಂದಿನ ತಿಂಗಳ ಪಾಠ ನೋಡಲು ಹೋದಾಗ ಹಲಗೆಯ ಮೇಲೆ ನಾಲ್ಕೇ ಸಾಲಿದ್ದವು, ದೊಡ್ಡ ಅಕ್ಷರದಲ್ಲಿ. ಪಾಠಕ್ಕೆ ಮೊದಲು ತರಗತಿ ಅದನ್ನು ಒಟ್ಟಿಗೆ ಓದಿತು. ಹೊಸ ಶಬ್ದಕ್ಕೆ ಲಂಬಾಣಿಯಲ್ಲಿ ಏನೆನ್ನುತ್ತಾರೆಂದು ಆ ನಾಲ್ವರನ್ನು ಕೇಳಿದಳು, ಅವರು ಉಳಿದವರಿಗೆ ಹೇಳಿಕೊಟ್ಟರು. ಅವತ್ತಿನ ಮಟ್ಟಿಗೆ ಅವರು ಹಿಂದುಳಿದ ಮಕ್ಕಳಾಗಿರಲಿಲ್ಲ. ಬೋಧನಾ ವಿಧಾನದ ಯಾವ ಪುಸ್ತಕದಿಂದಲೂ ನಾನು ಅವಳಿಗೆ ಇದನ್ನು ಕಲಿಸಿರಲಿಲ್ಲ. ಸೇವಾ-ಕಲಿಕೆ ಎಂದರೆ ಏನೆಂದು ಯಾರಾದರೂ ಕೇಳಿದರೆ ಈಗ ಆ ಬೇವಿನ ಮರದ ಕೆಳಗಿನ ಅರ್ಧ ಗಂಟೆಯನ್ನು ಹೇಳುತ್ತೇನೆ.

ಒಂದು ಘಟನೆಯಿಂದ ನಿಯಮ ಹೊರಡುವುದಿಲ್ಲ ಎಂದು ಓದುಗರು ಹೇಳಬಹುದು, ಹೇಳಬೇಕು ಕೂಡ. ಹೆಚ್ಚು ಗಟ್ಟಿಯಾದ ಸಾಕ್ಷ್ಯವನ್ನು ನೋಡೋಣ. 2001ರಿಂದ 2003ರವರೆಗೆ ಮುಂಬೈ ಮತ್ತು ವಡೋದರಾದ ನಗರಪಾಲಿಕೆ ಶಾಲೆಗಳಲ್ಲಿ ಪ್ರಥಮ್ ಸಂಸ್ಥೆ ‘ಬಾಲಸಖಿ’ ಎಂಬ ಪ್ರಯೋಗ ನಡೆಸಿತು. ಅದೇ ಬಡಾವಣೆಯ, ಪ್ರೌಢಶಾಲೆ ಮುಗಿಸಿದ ಯುವತಿಯರು ಮೂರು ಮತ್ತು ನಾಲ್ಕನೆಯ ತರಗತಿಯಲ್ಲಿ ಹಿಂದೆ ಬಿದ್ದ ಮಕ್ಕಳಲ್ಲಿ 15-20 ಮಂದಿಯನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ ಓದು-ಲೆಕ್ಕದ ಮೂಲಪಾಠ ಹೇಳಿಕೊಟ್ಟರು. ಯಾವ ಶಾಲೆಯ ಯಾವ ತರಗತಿಗೆ ಬಾಲಸಖಿ ಹೋಗಬೇಕೆಂಬುದನ್ನು ಲಾಟರಿಯಂತೆ ಎತ್ತಿ ನಿರ್ಧರಿಸಿದ್ದರಿಂದ ಹೋಲಿಕೆ ನಂಬುವಂತಿತ್ತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಬಾಲಸಖಿ ಇದ್ದ ತರಗತಿಗಳ ಮಕ್ಕಳ ಕಲಿಕೆ ಸ್ಪಷ್ಟವಾಗಿ ಏರಿತು, ಎಲ್ಲರಿಗಿಂತ ಹೆಚ್ಚು ಏರಿದ್ದು ತೀರಾ ಹಿಂದಿದ್ದವರದು. ಶಿಕ್ಷಕ ಪದವಿಯಿಲ್ಲದ ಯುವತಿಯರು, ಸಣ್ಣ ತರಬೇತಿ, ಮಗು ಇರುವ ಜಾಗದಿಂದಲೇ ಶುರು. ಎರಡು ವರ್ಷ ಶಿಕ್ಷಣವನ್ನೇ ಓದುವ ನಮ್ಮ ಪ್ರಶಿಕ್ಷಣಾರ್ಥಿಗಳಿಂದ ಇದು ಆಗದೆಂದು ಹೇಳಲು ಕಾರಣ ಕಾಣುವುದಿಲ್ಲ. ಅದೇ ಅಧ್ಯಯನ ಇನ್ನೊಂದನ್ನೂ ಹೇಳಿತು: ಕಾರ್ಯಕ್ರಮ ನಿಂತು ಒಂದು ವರ್ಷವಾದಾಗ ಲಾಭದ ದೊಡ್ಡ ಪಾಲು ಕರಗಿತ್ತು, ಸ್ವಲ್ಪ ಮಾತ್ರ ಉಳಿದಿತ್ತು. ಹದಿನಾರು ವಾರ ಇದ್ದು ಹೋಗುವವರು ಈ ಎರಡನೆಯ ಮಾತನ್ನು ಮೊದಲನೆಯದರಷ್ಟೇ ಗಂಭೀರವಾಗಿ ತೆಗೆದುಕೊಳ್ಳಬೇಕು.

ಸೇವಾ-ಕಲಿಕೆಯ ಬಗ್ಗೆಯೇ ನಡೆದ ಸಂಶೋಧನೆಯೂ ಸಾಕಷ್ಟಿದೆ. 62 ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ವಿದ್ಯಾರ್ಥಿಗಳ ಓದು, ಸಾಮಾಜಿಕ ಕೌಶಲ, ನಾಗರಿಕ ಆಸಕ್ತಿ ಇವುಗಳಲ್ಲಿ ಸಾಧಾರಣ ಪ್ರಮಾಣದ, ಆದರೆ ಅಲಕ್ಷಿಸಲಾಗದ ಏರಿಕೆ ಕಂಡಿತು. ಪಠ್ಯದೊಡನೆ ನಂಟು, ವಿದ್ಯಾರ್ಥಿಗಳ ಅಭಿಪ್ರಾಯಕ್ಕೆ ಬೆಲೆ, ಸಮುದಾಯದ ಪಾಲುಗಾರಿಕೆ, ಮಾಡಿದ್ದರ ಬಗ್ಗೆ ಚಿಂತನೆ ಇವಿದ್ದಲ್ಲಿ ಫಲ ಹೆಚ್ಚು. ಈ ಫಲಿತಾಂಶವನ್ನು ನಾನು ಗೌರವಿಸುತ್ತೇನೆ. ಆದರೆ ಅಲ್ಲಿ ಅಳೆದದ್ದು ಸೇವೆ ಮಾಡಿದವರಲ್ಲಿ ಆದ ಬದಲಾವಣೆಯನ್ನು. ಸೇವೆ ಪಡೆದವರಿಗೆ ಏನಾಯಿತು ಎಂಬ ಅಂಕಣ ಅದರಲ್ಲಿಲ್ಲ. ದೇವಸ್ಥಾನದ ರಸೀದಿಯ ಹಳೆಯ ಲೆಕ್ಕವೇ ಇಲ್ಲೂ ಬೇರೆ ವೇಷದಲ್ಲಿ ಬಂದು ಕುಳಿತಿದೆ. ನಾವು ಹೊಸದಾಗಿ ಶುರು ಮಾಡುವುದಾದರೆ ಆ ಅಂಕಣದಿಂದ ಶುರು ಮಾಡಬೇಕು: ಹನ್ನೊಂದು ಮಕ್ಕಳಲ್ಲಿ ಎಷ್ಟು ಮಂದಿ ಓದತೊಡಗಿದರು?

ಆಕ್ಷೇಪಗಳಿಗೆ ಬರುತ್ತೇನೆ. ಎಲ್ಲಕ್ಕಿಂತ ಬಲವಾದದ್ದು ಇದು: ಸರ್ಕಾರ ಶಿಕ್ಷಕರನ್ನು ನೇಮಿಸದೆ ಬಿಟ್ಟ ಜಾಗದಲ್ಲಿ ಸಂಬಳವಿಲ್ಲದ ಪ್ರಶಿಕ್ಷಣಾರ್ಥಿಗಳನ್ನು ಕೂರಿಸುವುದಕ್ಕೆ ಸೇವೆಯೆಂಬ ಸುಂದರ ಹೆಸರು ಕೊಟ್ಟಂತಾಗುವುದಿಲ್ಲವೇ? ಆಗುತ್ತದೆ, ಎಷ್ಟೋ ಕಡೆ ಈಗಲೇ ಆಗುತ್ತಿದೆ. ಇಂಟರ್ನ್‌ಶಿಪ್‌ಗೆ ಹೋದವರನ್ನು ಶಿಕ್ಷಕರಿಲ್ಲದ ತರಗತಿಗೆ ಕಳಿಸಿ ಬಾಗಿಲು ಹಾಕಿಕೊಳ್ಳುವುದನ್ನೂ, ಕಚೇರಿಯಲ್ಲಿ ಕೂರಿಸಿ ಇಲಾಖೆಯ ತಂತ್ರಾಂಶಕ್ಕೆ ಮಾಹಿತಿ ತುಂಬಿಸುವುದನ್ನೂ ನೋಡಿದ್ದೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕೆನ್ನುತ್ತದೆ. ಜನಗಣತಿ, ಚುನಾವಣೆ, ವಿಕೋಪ ಪರಿಹಾರ ಬಿಟ್ಟು ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ಹಚ್ಚಬಾರದು ಎಂದು 27ನೆಯ ಕಲಂ ಹೇಳುತ್ತದೆ. ಶಿಕ್ಷಕರಿಗಿರುವ ಈ ರಕ್ಷಣೆ ಶಿಕ್ಷಕರಾಗಲು ಬಂದವರಿಗೂ ಸಲ್ಲಬೇಕಾದದ್ದು ನ್ಯಾಯ. ಖಾಲಿ ಹುದ್ದೆಯನ್ನು ತುಂಬುವುದು ಸರ್ಕಾರದ ಹೊಣೆ, ಅದನ್ನು ಮುಚ್ಚಿಡುವ ಯಾವ ಏರ್ಪಾಡೂ ಮಕ್ಕಳಿಗೆ ಮೋಸ. ಗೆರೆ ಎಳೆಯುವುದು ಕಷ್ಟವೇನಲ್ಲ: ಪ್ರಶಿಕ್ಷಣಾರ್ಥಿ ಇಲ್ಲದಿದ್ದರೂ ಶಾಲೆ ಮಾಡಲೇಬೇಕಾಗಿದ್ದ ಕೆಲಸವನ್ನು ಅವರ ಮೇಲೆ ಹೊರಿಸಬಾರದು. ಶಾಲೆಯ ಶಿಕ್ಷಕರ ಜೊತೆ ನಿಂತು, ಅವರೊಬ್ಬರಿಂದಲೇ ಆಗದಿದ್ದದ್ದನ್ನು ಮಾಡಬೇಕು.

ಶಿಕ್ಷಕರು ಸಮಾಜ ಸೇವಕರಲ್ಲ, ಅವರವರ ವಿಷಯ ಚೆನ್ನಾಗಿ ಕಲಿಸಿದರೆ ಸಾಕು ಎನ್ನುವವರಿದ್ದಾರೆ. ಮಾತಿನಲ್ಲಿ ಅರ್ಧ ಸತ್ಯವಿದೆ. ವಿಷಯ ಜ್ಞಾನವಿಲ್ಲದ ಕರುಣೆಯಿಂದ ಮಗುವಿಗೆ ಬೀಜಗಣಿತ ಬಂದುಬಿಡುವುದಿಲ್ಲ. ಆದರೆ ಕನ್ನಡಕವಿಲ್ಲದ ಹುಡುಗಿಗೆ ಸೂಕ್ಷ್ಮಜೀವಿಗಳ ಪಾಠ ತಲುಪಬೇಕಾದರೆ ಅವಳಿಗೆ ಹಲಗೆ ಕಾಣಬೇಕು. ಅದನ್ನು ಪತ್ತೆ ಹಚ್ಚುವುದು ವಿಜ್ಞಾನ ಶಿಕ್ಷಕರ ಕೆಲಸದ ಒಳಗೇ ಇದೆ.

ಸಮಯವೆಲ್ಲಿದೆ ಎಂಬ ಆಕ್ಷೇಪಕ್ಕೆ ಉತ್ತರ ಚಿಕ್ಕದು. ಬಣ್ಣದ ಕಾಗದ ಅಂಟಿಸಿ, ಶೀರ್ಷಿಕೆಗಳಿಗೆ ಗೆರೆ ಹೊಡೆದು ದಾಖಲೆ ಪುಸ್ತಕ ಚಂದ ಮಾಡುವುದಕ್ಕೆ ಪ್ರಶಿಕ್ಷಣಾರ್ಥಿಗಳು ರಾತ್ರಿ ಎಷ್ಟು ಹೊತ್ತು ಎಚ್ಚರವಿರುತ್ತಾರೆಂದು ಹಾಸ್ಟೆಲ್ ವಾರ್ಡನ್‌ರನ್ನು ಕೇಳಿದರೆ ಸಾಕು. ಅದರ ಅರ್ಧ ಹೊತ್ತನ್ನು ಬಿಡಿಸಿಕೊಟ್ಟರೂ ಎಲ್ಲ ಹೊಂದುತ್ತದೆ.

ದಾಖಲೆ ಪುಸ್ತಕದ ಮಾತು ಬಂತಾದ್ದರಿಂದ, ನಾವು ಯೋಚಿಸದೆ ಮಾಡುತ್ತ ಬಂದ ಒಂದು ಅನ್ಯಾಯವನ್ನು ಹೇಳಲೇಬೇಕು. ಬಿ.ಇಡಿ.ಯಲ್ಲಿ ‘ವ್ಯಕ್ತಿ ಅಧ್ಯಯನ’ ಎಂಬ ಒಂದು ಕೆಲಸವಿದೆ. ‘ಸಮಸ್ಯಾತ್ಮಕ’ ಮಗುವೊಂದನ್ನು ಆರಿಸಿ ಅದರ ಹೆಸರು, ಜಾತಿ, ತಂದೆಯ ಉದ್ಯೋಗ, ಕುಡಿತ, ಮನೆಯ ಜಗಳ ಎಲ್ಲವನ್ನೂ ಕೇಳಿ ಬರೆಯುತ್ತಾರೆ. ಬೌಂಡು ಮಾಡಿಸಿದ ಆ ಪುಸ್ತಕಗಳು ಕಾಲೇಜಿನ ಕಪಾಟಿನಲ್ಲಿ ವರ್ಷಗಟ್ಟಲೆ ಇರುತ್ತವೆ, ಯಾರು ಬೇಕಾದರೂ ತೆಗೆದು ನೋಡಬಹುದು. ಮುಂದಿನ ವರ್ಷದವರು ನಕಲು ಮಾಡಲು ಒಯ್ಯುವುದೂ ಉಂಟು. ಹದಿಮೂರು ವರ್ಷದ ಹುಡುಗಿಯೊಬ್ಬಳು ನಂಬಿ ಹೇಳಿಕೊಂಡ ಮನೆಯ ಸಂಕಟ ಯಾರದೋ ಅಂಕಕ್ಕೆ ಸಾಮಗ್ರಿಯಾಯಿತು. ಅವಳ ಒಪ್ಪಿಗೆಯನ್ನು ಯಾರು ಕೇಳಿದರು? ಅವಳಿಗೆ ಅದರಿಂದ ಏನು ಸಹಾಯವಾಯಿತು? ಈಗ ಫೋನು ಬಂದ ಮೇಲೆ ಮಕ್ಕಳ ಫೋಟೋಗಳು ವಾಟ್ಸ್‌ಆ್ಯಪ್ ಸ್ಟೇಟಸ್ ಏರುತ್ತವೆ, ಕೆಳಗೆ ‘ನನ್ನ ಸೇವೆ’ ಎಂಬ ಬರಹ. ತನ್ನ ಬಡತನವನ್ನು ಇತರರು ಪ್ರದರ್ಶಿಸದಿರಲಿ ಎಂದು ಬಯಸುವ ಹಕ್ಕು ಮಗುವಿಗೂ ಇದೆ. ಕಾಲೇಜಿಗೆ ಒಪ್ಪಿಸುವ ಪುಸ್ತಕದಲ್ಲಿ ಹೆಸರು ಬೇಡ, ಜಾತಿ ಬೇಡ, ಫೋಟೋ ಬೇಡ. ಮಗುವಿಗೆ ನೆರವಾಗಲು ಬೇಕಾದಷ್ಟನ್ನೇ ಬರೆದು ಅದನ್ನು ಶಾಲೆಗೆ ಮಾತ್ರ ಕೊಡುವುದು. ಇಷ್ಟನ್ನು ನಿಯಮ ಮಾಡಲು ಯಾವ ಅನುದಾನವೂ ಬೇಕಿಲ್ಲ.

ಊರಿಗೆ ಏನು ಬೇಕೆಂದು ತಿಳಿಯುವುದು ಹೇಗೆ? ಕೇಳಿ ತಿಳಿಯಬೇಕು, ಕೇಳುವ ಜಾಗಗಳು ನಮ್ಮಲ್ಲಿ ಇವೆ. ಪೋಷಕರೇ ಸದಸ್ಯರಾಗಿರುವ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಇದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳು ನಡೆಸಬೇಕಾದ ಮಕ್ಕಳ ಗ್ರಾಮ ಸಭೆ ಇದೆ. ಹಲವು ಕಡೆ ಈ ಸಭೆ ಸ್ವಾಗತ, ಭಾಷಣ, ವಂದನಾರ್ಪಣೆಯಲ್ಲಿ ಮುಗಿದುಹೋಗುತ್ತದೆ. ಮಕ್ಕಳಿಗೆ ತಮ್ಮ ಮಾತನ್ನು ಬರೆದು ಮಂಡಿಸುವುದು ಗೊತ್ತಿರುವುದಿಲ್ಲ. ಕನ್ನಡ ಬೋಧನೆಯ ಪ್ರಶಿಕ್ಷಣಾರ್ಥಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಎಲ್ಲಿದೆ? ಮನವಿ ಪತ್ರ ಬರೆಯುವುದು ಪಠ್ಯದಲ್ಲೇ ಇದೆ. ‘ನಿಮ್ಮ ಊರಿಗೆ ಬಸ್ ಸೌಕರ್ಯ ಕೋರಿ’ ಎಂಬ ಕಾಲ್ಪನಿಕ ಪತ್ರವನ್ನು ಪರೀಕ್ಷೆಗಾಗಿ ಬರೆಸುವ ಬದಲು, ಬಾಗಿಲಿಲ್ಲದ ಹೆಣ್ಣುಮಕ್ಕಳ ಶೌಚಾಲಯದ ಬಗ್ಗೆ ನಿಜವಾದ ಪತ್ರ ಬರೆಸಿದರೆ ಮಕ್ಕಳು ಭಾಷೆಯನ್ನೂ ಕಲಿಯುತ್ತಾರೆ, ಪಂಚಾಯಿತಿ ಏನೆಂಬುದನ್ನೂ ಕಲಿಯುತ್ತಾರೆ. ಪತ್ರಕ್ಕೆ ಉತ್ತರ ಬಾರದಿದ್ದರೆ ಅದೂ ಸಮಾಜ ವಿಜ್ಞಾನದ ಮುಂದಿನ ಪಾಠಕ್ಕೆ ವಸ್ತು. ಹಾಗೆಯೇ ಪಂಚಾಯಿತಿಯ ಗ್ರಂಥಾಲಯ. ಈಗ ಅರಿವು ಕೇಂದ್ರವೆಂದು ಕರೆಸಿಕೊಳ್ಳುವ ಆ ಗ್ರಂಥಾಲಯದಲ್ಲಿ 2020ರಿಂದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಸದಸ್ಯತ್ವದ ಚೀಟಿ ಕೈಯಲ್ಲಿದ್ದೂ ಒಳಗೆ ಹೋಗಲು ಸಂಕೋಚಪಡುವ ಮಕ್ಕಳನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ, ವಾರಕ್ಕೆ ಎರಡು ಸಂಜೆ ಗಟ್ಟಿಯಾಗಿ ಕಥೆ ಓದಿ ಹೇಳುವವರು ಬೇಕು.

ಇದಕ್ಕೆಲ್ಲ ಅಂಕ ಕೊಡಬೇಕೇ? ಕೊಟ್ಟರೆ ಸೇವೆ ನಾಟಕವಾಗುತ್ತದೆ, ಕೊಡದಿದ್ದರೆ ಯಾರೂ ಮಾಡುವುದಿಲ್ಲ ಎಂಬ ಇಕ್ಕಟ್ಟು ನಿಜವಾದದ್ದು, ನನಗೆ ಪೂರ್ತಿ ಉತ್ತರ ಹೊಳೆದಿಲ್ಲ. ಎಷ್ಟು ಗಂಟೆ ಮಾಡಿದರು ಎಂಬುದಕ್ಕೆ ಅಂಕ ಬೇಡವೆಂಬುದಂತೂ ನನ್ನ ಖಚಿತ ಅಭಿಪ್ರಾಯ. ಏನನ್ನು ಗಮನಿಸಿದರು, ಯಾವ ಊಹೆ ತಪ್ಪಾಯಿತು, ಅದರಿಂದ ತಮ್ಮ ಪಾಠದಲ್ಲಿ ಏನು ಬದಲಾಯಿಸಿದರು ಎಂಬುದನ್ನು ಪರೀಕ್ಷಕರು ಎದುರು ಕೂರಿಸಿಕೊಂಡು ಕೇಳಬಹುದು. ಸೋತದ್ದನ್ನು ಪ್ರಾಮಾಣಿಕವಾಗಿ ಹೇಳಿದವರಿಗೆ ಅಂಕ ಕಡಿಮೆಯಾಗಬಾರದು. ಮತ್ತೆ, ಹೊರಡುವ ಮೊದಲು ಶಾಲೆಗೆ ಏನನ್ನು ಒಪ್ಪಿಸಿ ಹೊರಟರು ಎಂಬುದನ್ನು ಕೇಳಲೇಬೇಕು. ಬಾಲಸಖಿಯ ಲಾಭ ಕರಗಿದ ಸಂಗತಿಯಿಂದ ನಾವು ಕಲಿಯಬೇಕಾದದ್ದು ಅದನ್ನೇ: ಒಂದು ತಂಡ ಬಿಟ್ಟಲ್ಲಿಂದ ಇನ್ನೊಂದು ತಂಡ ಹಿಡಿಯದಿದ್ದರೆ ಮಕ್ಕಳು ಪ್ರತಿ ವರ್ಷ ಹೊಸಬರಿಗೆ ತಮ್ಮನ್ನು ಮೊದಲಿನಿಂದ ಪರಿಚಯಿಸಿಕೊಳ್ಳುತ್ತಲೇ ಇರುತ್ತಾರೆ. ಒಂದು ಕಾಲೇಜು ನಾಲ್ಕೈದು ಶಾಲೆಗಳೊಡನೆ ಹಲವು ವರ್ಷಗಳ ಒಡಂಬಡಿಕೆ ಮಾಡಿಕೊಂಡು, ಅದೇ ಶಾಲೆಗಳಿಗೆ ಪ್ರತಿ ವರ್ಷವೂ ಹೋದರೆ ಇದು ಸಾಧ್ಯ. ಈಗಿನಂತೆ ಹತ್ತಿರದ ಬಸ್ ಮಾರ್ಗ ನೋಡಿ ಶಾಲೆ ಹಂಚಿದರೆ ಸಾಧ್ಯವಿಲ್ಲ.

ಆ ವಿಜ್ಞಾನದ ಹುಡುಗಿ ಹೊರಡುವ ದಿನ ತನ್ನ ನೋಟುಬುಕ್ಕನ್ನು ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟಳು. ಹನ್ನೊಂದು ಪುಟ, ಪುಟಕ್ಕೊಂದು ಮಗು, ಎಲ್ಲಿದ್ದರು, ಎಲ್ಲಿಗೆ ಬಂದರು, ಮುಂದೇನು ಬೇಕು. ಮರುವರ್ಷ ಚಳಿಗಾಲದಲ್ಲಿ ಹೊಸ ತಂಡವನ್ನು ಕರೆದುಕೊಂಡು ಅದೇ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯರು ಬೀರುವಿನಿಂದ ಅದನ್ನು ತೆಗೆದು ಮೇಜಿನ ಮೇಲಿಟ್ಟರು. ಹೊಸ ಪ್ರಶಿಕ್ಷಣಾರ್ಥಿಯೊಬ್ಬ ಪುಟ ತಿರುವಿ, ಒಂಬತ್ತನೆಯ ತರಗತಿಗೆ ಹೋಗಿ ಹೆಸರು ಕೂಗಿ ಬಂದ. ಒಂಬತ್ತು ಮಂದಿ ಇದ್ದರು. ಉಳಿದಿಬ್ಬರು ಎಲ್ಲಿ ಎಂದು ಕೇಳಿದ.

“ಅವ್ವ-ಅಪ್ಪನ ಕೂಡ ಕಬ್ಬು ಕಡಿಯಾಕ ಹೋಗ್ಯಾರ. ಯುಗಾದಿಗೆ ಬರ್ತಾರ” ಎಂದರು ಮುಖ್ಯೋಪಾಧ್ಯಾಯರು.

ಯುಗಾದಿಯ ಹೊತ್ತಿಗೆ ಇವನ ಹದಿನಾರು ವಾರ ಮುಗಿದಿರುತ್ತದೆ. ಅವನು ಸ್ವಲ್ಪ ಹೊತ್ತು ಕೈಬೆರಳಲ್ಲಿ ವಾರ ಎಣಿಸಿದ. ಆಮೇಲೆ ಕುರ್ಚಿ ಎಳೆದುಕೊಂಡು ಕುಳಿತು, ಆ ಇಬ್ಬರ ಪುಟದ ಕೆಳಗೆ ಅವರ ಊರಿನವರು ಯಾವ ಕಾರ್ಖಾನೆಯ ಕಬ್ಬಿಗೆ ಹೋಗುತ್ತಾರೆ, ಅಲ್ಲಿಗೆ ಹತ್ತಿರದ ಶಾಲೆ ಯಾವುದು ಎಂದು ಮುಖ್ಯೋಪಾಧ್ಯಾಯರನ್ನು ಕೇಳುತ್ತ ಬರೆದುಕೊಳ್ಳತೊಡಗಿದ.